ಗ್ರೇಹೌಂಡ್, ಮುಧೋಳ, ವಿಪೆಟ್: ಮಳೆ ಬೀಳುವ ಅಂಗಳಕ್ಕೆ ಯಾವ ತೆಳ್ಳನೆ ನಾಯಿ?

ಹೋದ ವರ್ಷ ಏಪ್ರಿಲ್‌ನಲ್ಲಿ ಶಿರಸಿಯ ಭಾವ ವಾಟ್ಸಾಪಿನಲ್ಲಿ ಒಂದು ನಾಯಿಮರಿಯ ಫೋಟೋ ಕಳಿಸಿದ. ಬಿಳಿ ಮೈ, ಉದ್ದ ಮೂತಿ, ಎಣಿಸಬಹುದಾದಂಥ ಪಕ್ಕೆಲುಬು. ಕೆಳಗೆ ಒಂದೇ ಸಾಲು: "ಇದು ಗ್ರೇಹೌಂಡ್ ಹೌದನಾ? ಮಾರವ ಹೌದು ಹೇಳ್ತ."

ನಾನು ಕುಮಟಾದಲ್ಲಿ ಹನ್ನೊಂದು ವರ್ಷ ಮುಧೋಳ ನಾಯಿ ಸಾಕಿದವನು. ಅದಕ್ಕೆ ಚಿಗರಿ ಎಂದು ಹೆಸರಿಟ್ಟಿದ್ದೆವು. ಅದು ಸತ್ತ ಮೇಲೂ ಊರಲ್ಲಿ ಯಾರಿಗಾದರೂ ತೆಳ್ಳನೆ ನಾಯಿ ಬೇಕೆನಿಸಿದರೆ ಫೋನ್ ನನಗೇ ಬರುತ್ತದೆ. ಎಲ್ಲರ ಮೊದಲ ಪ್ರಶ್ನೆಯೂ ಒಂದೇ, "ಯಾವುದು ಜೋರು ಓಡ್ತದೆ?" ಇದು ತಪ್ಪು ಪ್ರಶ್ನೆ. ಈ ಜಾತಿಯ ನಾಯಿ ಮೈ ಬಿಟ್ಟು ಓಡುವುದು ದಿನಕ್ಕೆ ಐದು ನಿಮಿಷ. ಉಳಿದ ಹೊತ್ತೆಲ್ಲ ಮಲಗಿರುತ್ತದೆ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ನಿಮ್ಮ ಮನೆಯಲ್ಲಿ ಎಲ್ಲಿ ಮಲಗುತ್ತದೆ ಎಂದು ಮೊದಲು ಕೇಳಿಕೊಳ್ಳಿ. ಕಾರವಾರದಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ. ಓಟ ಆಮೇಲಿನ ಮಾತು.

ಕಿವಿ ನೋಡಿ

ಮಾರುವವನು ಹೇಳಿದ ಹೆಸರನ್ನು ಸುಮ್ನೆ ನಂಬಬೇಡಿ. ಮುಧೋಳ ಮರಿಗೆ ಗ್ರೇಹೌಂಡ್ ಎಂದು ಹೆಸರಿಟ್ಟರೆ ರೇಟು ಏರುತ್ತದೆ, ಎರಡರ ಮಿಶ್ರಣವನ್ನು ಯಾವ ಹೆಸರಲ್ಲಿ ಬೇಕಾದರೂ ಮಾರಬಹುದು. ಬೆಳೆದ ನಾಯಿಯಲ್ಲಿ ವ್ಯತ್ಯಾಸ ಗುರುತಿಸುವುದು ಕಷ್ಟವೇನಲ್ಲ. ಗ್ರೇಹೌಂಡಿನ ಕಿವಿ ಚಿಕ್ಕದು, ಹಿಂದಕ್ಕೆ ಮಡಚಿ ಕತ್ತಿಗೆ ಅಂಟಿರುತ್ತದೆ. ಮುಧೋಳದ ಕಿವಿ ವೀಳ್ಯದೆಲೆಯ ಹಾಗೆ ಕೆನ್ನೆಯ ಪಕ್ಕ ಇಳಿಬಿದ್ದಿರುತ್ತದೆ. ಗ್ರೇಹೌಂಡಿನ ಸೊಂಟ ಬಿಲ್ಲಿನಂತೆ ಬಾಗಿರುತ್ತದೆ, ತೊಡೆಯಲ್ಲಿ ಗಟ್ಟಿ ಮಾಂಸ. ಮುಧೋಳಕ್ಕೆ ಅಷ್ಟು ಮಾಂಸ ಇಲ್ಲ, ಸೊಂಟದ ಮೂಳೆ ಎದ್ದು ಕಾಣುತ್ತದೆ. "ಹೊಟ್ಟೆಗೆ ಹಾಕ್ತಿಲ್ವಾ?" ಎಂದು ಹನ್ನೊಂದು ವರ್ಷ ಕೇಳಿಸಿಕೊಂಡಿದ್ದೇನೆ.

ಹೆಸರುಗಳ ಗೊಂದಲವೂ ಕಡಿಮೆಯೇನಿಲ್ಲ. ಗ್ರೇಹೌಂಡ್ ಎಂದರೆ ಬೂದು ಬಣ್ಣದ ನಾಯಿ ಅಲ್ಲ. ಹಳೆಯ ಇಂಗ್ಲಿಷಿನ 'ಗ್ರಿಗ್‌ಹುಂಡ್' ಸವೆದು ಹೀಗಾಗಿದೆ, ಬಣ್ಣಕ್ಕೂ ಅದಕ್ಕೂ ಸಂಬಂಧ ಇಲ್ಲ. ಕಪ್ಪು, ಕಂದು, ಬಿಳಿ, ಹುಲಿಪಟ್ಟೆ, ಎಲ್ಲ ಬಣ್ಣದವೂ ಇವೆ. ನಮ್ಮಲ್ಲಿ ಕೆಲವರಿಗೆ ಈ ಹೆಸರು ಕೇಳಿದ ತಕ್ಷಣ ನೆನಪಾಗುವುದು ಆಂಧ್ರ ಪೊಲೀಸರು 1989ರಲ್ಲಿ ನಕ್ಸಲರ ವಿರುದ್ಧ ಕಟ್ಟಿದ ಪಡೆ. ಇನ್ನು ಮುಧೋಳವನ್ನು ಕೆನಲ್ ಕ್ಲಬ್ಬಿನವರು ಕಾರವಾನ್ ಹೌಂಡ್ ಅನ್ನುತ್ತಾರೆ. ಒಂಟೆ ಕುದುರೆ ಕಟ್ಟಿಕೊಂಡು ಬಂದ ವ್ಯಾಪಾರಿಗಳ ತಂಡದ ಜೊತೆ ಬಂದದ್ದು ಎಂಬ ಅರ್ಥದಲ್ಲಿ. ಕಾರವಾರದ ಮೀನು ಮಾರ್ಕೆಟ್ಟಿನ ಹತ್ತಿರ ಒಬ್ಬರು ಚಿಗರಿಯನ್ನು ನೋಡಿ, "ಕಾರವಾರ ಹೌಂಡ್ ಅಂದ್ರೆ ಇದೇ ಅಲ್ವಾ, ನಮ್ಮೂರಿನದು!" ಎಂದು ಎದೆಯುಬ್ಬಿಸಿದ್ದರು. ನಾನು ತಿದ್ದಲು ಹೋಗಲಿಲ್ಲ.

ಗ್ರೇಹೌಂಡ್: ಹೆಸರು ದೊಡ್ಡದು, ಚರ್ಮ ತೆಳ್ಳಗೆ

ಕಾರವಾರದಲ್ಲಿ ಪರಿಚಯದವರೊಬ್ಬರ ಮನೆಗೆ ಪಂಜಾಬಿನಿಂದ ಒಂದು ಗ್ರೇಹೌಂಡ್ ಬಂದಿತ್ತು. ಪಂಜಾಬಿನಲ್ಲಿ ಈ ನಾಯಿಯ ಹುಚ್ಚು ಜಾಸ್ತಿ. ಕಿಲಾ ರಾಯಪುರದ ಗ್ರಾಮೀಣ ಆಟಗಳಲ್ಲಿ ನಾಯಿ ಓಟವೂ ಒಂದು ಆಕರ್ಷಣೆ. ಆ ನಾಯಿಯನ್ನು ಒಂದು ಬೆಳಿಗ್ಗೆ ಟಾಗೋರ್ ಬೀಚಿನಲ್ಲಿ ಬಿಟ್ಟರು. ಇಳಿತದ ಹೊತ್ತು, ಮರಳು ಗಟ್ಟಿಯಾಗಿತ್ತು. ಅದು ಓಡಿದ್ದನ್ನು ನಾನು ಸರಿಯಾಗಿ ನೋಡಲೇ ಇಲ್ಲ, ಕಣ್ಣು ಹಿಂಬಾಲಿಸುವಷ್ಟರಲ್ಲಿ ಮುಗಿದಿತ್ತು. ಆಮೇಲೆ ಹೋಗಿ ಹೆಜ್ಜೆ ನೋಡಿದೆ. ನಾಲ್ಕು ಗುರುತು ಒತ್ತೊತ್ತಾಗಿ, ನಂತರ ಖಾಲಿ ಮರಳು, ಮತ್ತೆ ನಾಲ್ಕು ಗುರುತು. ನಡುವಿನ ಖಾಲಿ ಜಾಗದಲ್ಲಿ ನಾನು ಕೈ ಚಾಚಿ ಮಲಗಬಹುದಿತ್ತು. ಉಗುರು ಮರಳನ್ನು ಕಿತ್ತು ಹಿಂದಕ್ಕೆ ಎಸೆದ ಗುಂಡಿಗಳು ಬೇರೆ. ಮೈ ಪೂರ್ತಿ ಚಾಚಿದಾಗ ಒಮ್ಮೆ, ಕಾಲೆಲ್ಲ ಹೊಟ್ಟೆಯ ಕೆಳಗೆ ಮುದುಡಿದಾಗ ಇನ್ನೊಮ್ಮೆ, ಹೀಗೆ ಒಂದು ನೆಗೆತದಲ್ಲಿ ಎರಡು ಸಲ ನಾಲ್ಕೂ ಕಾಲು ಗಾಳಿಯಲ್ಲಿರುತ್ತವೆ. ಚೀತಾ ಇದೆಯಲ್ಲ, ಅದರದ್ದೂ ಇದೇ ಓಟ. ಗಂಟೆಗೆ 70 ಕಿಲೋಮೀಟರ್ ಆಸುಪಾಸಿನ ವೇಗ ಬರುವುದು ಹೀಗೆ.

ಈಜಿಪ್ಟಿನ ಹಳೆಯ ಗೋರಿಗಳ ಚಿತ್ರಗಳಲ್ಲಿ ಇಂಥ ತೆಳ್ಳನೆ ನಾಯಿಗಳಿವೆ. ಆದರೆ ಗ್ರೇಹೌಂಡನ್ನು ಹೋಲುವ ನಾಯಿಯ ಬಗ್ಗೆ ಸಾಕಿದವನೇ ಬರೆದದ್ದು ಸಿಗುವುದು ಎರಡನೇ ಶತಮಾನದಲ್ಲಿ. ಅರ್ರಿಯನ್ ಎಂಬ ಗ್ರೀಕ್ ಬರಹಗಾರ ಯುರೋಪಿನ ಕೆಲ್ಟ್ ಜನ ಸಾಕುತ್ತಿದ್ದ ಬೇಟೆನಾಯಿಗಳ ಬಗ್ಗೆ ವಿವರವಾಗಿ ಬರೆದಿದ್ದಾನೆ. ಅವನ ಹತ್ತಿರವೂ ಹಾರ್ಮೆ ಎಂಬ ನಾಯಿ ಇತ್ತು. ಇವುಗಳಿಗೆ ಮೆತ್ತಗಿನ, ಬೆಚ್ಚಗಿನ ಹಾಸಿಗೆ ಬೇಕು, ಮನುಷ್ಯರ ಜೊತೆ ಮಲಗಿದರೆ ಇನ್ನೂ ಒಳ್ಳೆಯದು ಎನ್ನುತ್ತಾನೆ. ಹದಿನೆಂಟು ನೂರು ವರ್ಷ ಹಳೆಯ ಸಲಹೆ. ಘಟ್ಟದ ಮೇಲಿನ ಜುಲೈ ತಿಂಗಳಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಇನ್ನೂ ಕೇಳಿಲ್ಲ.

ಕ್ರೀಡೆಯ ಕತೆ ಇಂಗ್ಲೆಂಡಿನದು. ಅಲ್ಲಿ ಮೊದಲು ಇದ್ದದ್ದು ಮೊಲದ ಹಿಂದೆ ಎರಡು ನಾಯಿ ಬಿಡುವ ಕೋರ್ಸಿಂಗ್. ಮೊಲವನ್ನು ಹಿಡಿದ ನಾಯಿಯೇ ಗೆದ್ದಿತು ಎಂದೇನಿಲ್ಲ. ಯಾವ ನಾಯಿ ಮೊಲವನ್ನು ತಿರುಗಿಸಿತು, ಯಾವುದು ಮುಂದಿತ್ತು ಎಂದು ಕುದುರೆ ಮೇಲೆ ಕೂತ ತೀರ್ಪುಗಾರ ಅಂಕ ಕೊಡುತ್ತಿದ್ದ. 1836ರಲ್ಲಿ ಶುರುವಾದ ವಾಟರ್‌ಲೂ ಕಪ್ ಇದರ ದೊಡ್ಡ ಹಬ್ಬ. ಐರ್ಲೆಂಡಿನ ಮಾಸ್ಟರ್ ಮೆಗ್ರಾ ಎಂಬ ನಾಯಿ ಅದನ್ನು ಮೂರು ಸಲ ಗೆದ್ದಿತು: 1868, 1869, 1871. ಗೆದ್ದ ಮೇಲೆ ಅದನ್ನು ವಿಕ್ಟೋರಿಯಾ ರಾಣಿಗೂ ತೋರಿಸಿದರು. ಮೊಲದ ಬೇಟೆಗೆ ಕಾನೂನು ನಿಷೇಧ ಹಾಕಿದ ಮೇಲೆ 2005ರಲ್ಲಿ ಆ ಕಪ್ ನಿಂತಿತು.

ಟ್ರ್ಯಾಕ್ ರೇಸ್ ಬೇರೆಯದೇ ವ್ಯವಹಾರ. ಅಮೆರಿಕದ ಓವನ್ ಪ್ಯಾಟ್ರಿಕ್ ಸ್ಮಿತ್ ಕರೆಂಟಿನಲ್ಲಿ ಓಡುವ ಗೊಂಬೆ ಮೊಲ ಮಾಡಿ, 1919ರಲ್ಲಿ ಕ್ಯಾಲಿಫೋರ್ನಿಯಾದ ಎಮೆರಿವಿಲ್‌ನಲ್ಲಿ ಟ್ರ್ಯಾಕ್ ತೆರೆದ. ಅದು 1926ರಲ್ಲಿ ಮ್ಯಾಂಚೆಸ್ಟರಿನ ಬೆಲ್ ವ್ಯೂಗೆ ಬಂತು. ಕುದುರೆ ರೇಸಿಗೆ ಹೋಗಲು ಕಾಸಿಲ್ಲದ ಕಾರ್ಮಿಕರು ಸಂಜೆ ಕೆಲಸ ಮುಗಿಸಿ ಇಲ್ಲಿ ಬಂದು ಬಾಜಿ ಕಟ್ಟಿದರು. 1929 ಮತ್ತು 1930ರ ಇಂಗ್ಲಿಷ್ ಡರ್ಬಿ ಗೆದ್ದ ಮಿಕ್ ದ ಮಿಲ್ಲರ್ ಎಂಬ ನಾಯಿ ಸಿನಿಮಾ ನಟನಷ್ಟು ಹೆಸರು ಮಾಡಿತು. ಸತ್ತ ಮೇಲೆ ಅದರ ಚರ್ಮದೊಳಗೆ ತುಂಬಿಸಿ, ಜೀವ ಇದ್ದ ಹಾಗೆ ನಿಲ್ಲಿಸಿ, ಈಗಲೂ ಇಂಗ್ಲೆಂಡಿನ ಟ್ರಿಂಗ್‌ನ ಮ್ಯೂಸಿಯಮ್ಮಿನಲ್ಲಿ ಇಟ್ಟಿದ್ದಾರೆ. ಆದರೆ ಅಂಡಾಕಾರದ ಟ್ರ್ಯಾಕಿನ ತಿರುವಿನಲ್ಲಿ ಕಾಲು ಮುರಿಯುವುದು, ನಾಲ್ಕೈದು ವರ್ಷಕ್ಕೆ ನಿವೃತ್ತಿಯಾದ ನಾಯಿಗೆ ದಿಕ್ಕಿಲ್ಲದಿರುವುದು, ಇವೆಲ್ಲ ಜನರಿಗೆ ಗೊತ್ತಾಗುತ್ತಾ ಹೋಯಿತು. ಮಕಾವಿನ ಕ್ಯಾನಿಡ್ರೋಮ್ ಎಂಬ ನಾಯಿ ರೇಸಿನ ಟ್ರ್ಯಾಕ್ 2018ರಲ್ಲಿ ಬಾಗಿಲು ಹಾಕಿದಾಗ ಐನೂರಕ್ಕೂ ಜಾಸ್ತಿ ನಾಯಿಗಳಿಗೆ ಮನೆ ಹುಡುಕಬೇಕಾಯಿತು. ಫ್ಲೋರಿಡಾದ ಮತದಾರರು ಅದೇ ವರ್ಷ ರೇಸ್ ಬೇಡ ಎಂದರು, 2020ರ ಕೊನೆಗೆ ಅಲ್ಲಿ ನಿಂತಿತು. ಹೀಗೆ ಮನೆಗೆ ಬಂದ ನಿವೃತ್ತ ನಾಯಿಗಳಿಂದ ಜಗತ್ತಿಗೆ ಒಂದು ವಿಷಯ ತಿಳಿಯಿತು. ಇಷ್ಟು ವೇಗದ ನಾಯಿ ಮನೆಯಲ್ಲಿ ಮಹಾ ಸೋಮಾರಿ.

ಹಾಗಾದರೆ ಕಾರವಾರಕ್ಕೆ ಗ್ರೇಹೌಂಡ್ ಆಗಬಹುದಾ? ನನ್ನ ಕೇಳಿದರೆ ಬೇಡ. ಅದರ ಚರ್ಮ ಹಪ್ಪಳದ ಹಾಗೆ. ಮುಳ್ಳುತಂತಿ ತಾಗಿದರೆ ಬೇರೆ ನಾಯಿಗೆ ಗೀರು ಬೀಳುತ್ತದೆ, ಇದಕ್ಕೆ ಹೊಲಿಗೆ ಬೀಳುತ್ತದೆ. ಚಿರೇಕಲ್ಲಿನ ನೆಲದಲ್ಲಿ ಒಂದು ಓಟ ಓಡಿದರೆ ಪಾದ ಕಿತ್ತು ಹೋಗುತ್ತದೆ. ಮೈಯಲ್ಲಿ ಕೊಬ್ಬಿಲ್ಲ, ಒದ್ದೆಯಾದರೆ ಗಡಗಡ ನಡುಗುತ್ತದೆ.

ಇವೆಲ್ಲಕ್ಕಿಂತ ಮುಖ್ಯ ಅದರ ರಕ್ತದ ವಿಷಯ. ಗ್ರೇಹೌಂಡಿನ ರಕ್ತದಲ್ಲಿ ಕೆಂಪು ಕಣ ಬೇರೆ ನಾಯಿಗಳಿಗಿಂತ ಜಾಸ್ತಿ, ಪ್ಲೇಟ್‌ಲೆಟ್ ಕಡಿಮೆ. ಹುಟ್ಟಾ ಹಾಗೆ, ಕಾಯಿಲೆ ಅಲ್ಲ. ನಮ್ಮ ಕಡೆ ನಾಯಿಗಳಿಗೆ ಉಣುಗಿನ ಜ್ವರ ಮಾಮೂಲು, ಅದರಲ್ಲಿ ಮೊದಲು ಬೀಳುವುದೂ ಪ್ಲೇಟ್‌ಲೆಟ್ಟೇ. ಕಾರವಾರದ ಆ ನಾಯಿಗೆ ಆದದ್ದು ಇದೇ. ಎರಡು ದಿನ ಮಂಕಾಗಿತ್ತು, ರಕ್ತ ಪರೀಕ್ಷೆಯ ಚೀಟಿ ನೋಡಿ ಉಣುಗಿನ ಜ್ವರ ಎಂದು ಔಷಧಿ ಶುರು ಮಾಡಿದರು. ವಾರ ಕಳೆದ ಮೇಲೆ ಇನ್ನೊಂದು ಕಡೆ ತೋರಿಸಿದಾಗ, ಈ ತಳಿಗೆ ಇಷ್ಟೇ ಇರುವುದು, ತೊಂದರೆ ಇರುವುದು ಹಲ್ಲಿನಲ್ಲಿ ಎಂದರು. ಹಾಗೆಯೇ ಕೆಲವು ಹಳೆಯ ಮಂಪರು ಔಷಧಿಗಳು, ಮುಖ್ಯವಾಗಿ ಥಯೋಪೆಂಟೋನ್, ಈ ನಾಯಿಗಳ ಮೈಯಿಂದ ಬೇಗ ಇಳಿಯುವುದಿಲ್ಲ. ಆಪರೇಷನ್ ಟೇಬಲ್ ಮೇಲೆ ಮಲಗಿಸುವ ಮೊದಲು "ಇದು ಸೈಟ್‌ಹೌಂಡ್" ಎಂದು ಬಾಯಿಬಿಟ್ಟು ಹೇಳಿ. ಮೂಗಿಗಿಂತ ಕಣ್ಣನ್ನು ನಂಬಿ ಬೇಟೆಯಾಡುವ ನಾಯಿ ಎಂದು ಅರ್ಥ, ಮುಧೋಳವೂ ಅದೇ ಗುಂಪಿನದು. ಡಾಕ್ಟರಿಗೆ ಬೇಜಾರಾದರೂ ಪರವಾಗಿಲ್ಲ.

ಮುಧೋಳ: ನಮ್ಮದೇ, ಆದರೆ ಒಣ ನಾಡಿನದು

ಬಾಗಲಕೋಟೆ ಜಿಲ್ಲೆಯ ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಈ ತಳಿಯನ್ನು ಉಳಿಸಿ ಬೆಳೆಸಿದವರು. ಐದನೇ ಜಾರ್ಜ್ ದೊರೆಗೆ ಒಂದು ಜೋಡಿ ಕಾಣಿಕೆ ಕೊಟ್ಟವರೂ ಅವರೇ. 2005ರಲ್ಲಿ ಅಂಚೆ ಇಲಾಖೆ ನಾಲ್ಕು ದೇಶಿ ತಳಿಗಳ ಸ್ಟಾಂಪ್ ತಂದಾಗ ಮುಧೋಳವೂ ಅದರಲ್ಲಿತ್ತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ನಾಯಿ ಸಂಶೋಧನಾ ಕೇಂದ್ರ ಇದೆ. ಅಲ್ಲಿಂದ 2016ರಲ್ಲಿ ಮರಿಗಳು ಮೀರತ್‌ನ ಸೇನಾ ತರಬೇತಿ ಕೇಂದ್ರಕ್ಕೆ ಹೋದವು.

ಬೇಟೆನಾಯಿಯ ಮೇಲಿನ ಪ್ರೀತಿ ಕನ್ನಡ ನಾಡಿಗೆ ರಾಜರು ಇಂಗ್ಲೆಂಡಿಗೆ ಹೋಗಿಬಂದ ಮೇಲೆ ಬಂದದ್ದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಸುಮಾರು ಕ್ರಿ.ಶ. 949–50ರದ್ದು. ತಕ್ಕೋಲದ ಯುದ್ಧ ಗೆದ್ದ ಮೇಲೆ ಗಂಗರ ರಾಜ ಬೂತುಗನ ಭಟ ಮಣಲೇರನಿಗೆ ಏನು ಬೇಕೋ ಕೇಳು ಎಂಬ ಮಾತು ಬಂತು. ಅವನು ಕೇಳಿದ್ದು ಊರಲ್ಲ, ಹೊನ್ನಲ್ಲ. ಕಾಳಿ ಎಂಬ ನಾಯಿ. ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಹೋರಾಡಿ ಸತ್ತವು. ಮಣಲೇರ ಕಲ್ಲು ನಿಲ್ಲಿಸಿದ. ಅದು ಯಾವ ತಳಿಯೋ ಕಲ್ಲಿನಲ್ಲಿ ಬರೆದಿಲ್ಲ. ಆದರೆ ಸದಾಶಿವಗಡದ ಬುಡದಲ್ಲಿ ಕಾಳಿ ನದಿ ದಾಟುವಾಗೆಲ್ಲ ನನಗೆ ಆ ನಾಯಿಯ ನೆನಪಾಗುತ್ತದೆ. ಹೆಸರಿನ ಕಾಟ, ಇನ್ನೇನಿಲ್ಲ.

ಮನೆಯಲ್ಲಿ ಮುಧೋಳ ಹೇಗೆ? ಗ್ರೇಹೌಂಡಿಗಿಂತ ಗಟ್ಟಿ, ಗ್ರೇಹೌಂಡಿಗಿಂತ ಮೊಂಡು. ಎತ್ತರ ಹೆಚ್ಚುಕಡಿಮೆ ಅಷ್ಟೇ, ತೂಕ ಕಡಿಮೆ. ಹೊಸಬರ ಕೈಗೆ ಸಿಗುವುದಿಲ್ಲ. ಚಿಗರಿ ನಮ್ಮ ಮನೆಯ ನಾಲ್ಕು ಜನರನ್ನು ಬಿಟ್ಟು ಬೇರೆ ಯಾರಿಗೂ ತಲೆ ಮುಟ್ಟಲು ಬಿಡಲಿಲ್ಲ. ಕಚ್ಚುತ್ತಿರಲಿಲ್ಲ, ಮೈ ವಾರೆ ಮಾಡಿ ಜಾರಿಕೊಳ್ಳುತ್ತಿತ್ತು. ಸಿಟ್ಟಿನಿಂದ ಗದರಿದರೆ ಎರಡು ದಿನ ಮುಖ ತೋರಿಸುತ್ತಿರಲಿಲ್ಲ. ಬಾಗಲಕೋಟೆ ಕಡೆ ಇವಕ್ಕೆ ಜೋಳದ ಅಂಬಲಿ, ಹಾಲು ಹಾಕಿ ಬೆಳೆಸುತ್ತಾರೆ. ಶಿರಸಿ ಕಡೆಯ ನಮ್ಮ ಮನೆಗಳ ಹಾಲನ್ನ ಇದಕ್ಕೆ ಹೊಟ್ಟೆ ತುಂಬಿಸುತ್ತದೆ ಅಷ್ಟೇ, ಮಾಂಸ ಕಟ್ಟುವುದಿಲ್ಲ. ಮೊಟ್ಟೆಯನ್ನಾದರೂ ಒಪ್ಪಿಕೊಳ್ಳದ ಮನೆಯಾದರೆ ಯೋಚಿಸಿ. ಕರಾವಳಿಯವರಿಗೆ ಈ ತಾಪತ್ರಯ ಇಲ್ಲ. ತಾರ್ಲೆ ಮೀನು ಬೇಯಿಸಿ, ಮುಳ್ಳು ತೆಗೆದು, ಅನ್ನಕ್ಕೆ ಕಲಸಿದರೆ ಆಯಿತು. ಒಣಮೀನು ಮಾತ್ರ ಬೇಡ, ಬರೀ ಉಪ್ಪು.

ನನ್ನ ಅತಿ ದೊಡ್ಡ ತಪ್ಪು ಬೇಲಿಯದು. ಮೂರೂವರೆ ಅಡಿಯ ಪಾಗಾರ ಸಾಕು ಅಂದುಕೊಂಡಿದ್ದೆ. ಒಂದು ಮಧ್ಯಾಹ್ನ ಪಕ್ಕದ ಮನೆಯ ಕೋಳಿ ರೆಕ್ಕೆ ಬಡಿಯಿತು. ಚಿಗರಿ ಓಡಿ ಬಂದು ಹಾರಲಿಲ್ಲ, ನಿಂತಲ್ಲಿಂದಲೇ ಎದ್ದು ಪಾಗಾರದ ಆಚೆ ಇಳಿಯಿತು. ನಾನು ಗೇಟು ತೆಗೆದು ಹೋಗುವಷ್ಟರಲ್ಲಿ ಐದು ಕೋಳಿ ಹೋಗಿದ್ದವು. ಒಂದನ್ನೂ ತಿಂದಿರಲಿಲ್ಲ. ದುಡ್ಡು ಕೊಟ್ಟೆ, ಕೈ ಮುಗಿದೆ, ಆದರೂ ಆ ಮನೆಯವರು ಒಂದು ವರ್ಷ ಮಾತಾಡಲಿಲ್ಲ. ಓಡುವುದು ಕಂಡರೆ ಹಿಡಿಯಬೇಕು ಎನ್ನುವುದು ಇವುಗಳ ರಕ್ತದಲ್ಲಿದೆ. ಕರೆದರೆ ಆ ಹೊತ್ತಿಗೆ ಕಿವಿ ಕೇಳುವುದಿಲ್ಲ. ಆರಡಿ ಬೇಲಿ ಹಾಕಲು ಆಗದವರು ಮುಧೋಳ ತರಬೇಡಿ.

ತೋಟಕ್ಕೆ ಬರುವ ಹಂದಿ ಓಡಿಸಲು ಬೇಕು ಅನ್ನುವವರಿಗೆ ಇನ್ನೊಂದು ಮಾತು. ನಾಯಿ ಬಿಟ್ಟು ಹಂದಿ, ಮೊಲ ಹಿಡಿಸುವುದು 1972ರ ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ. ಅದೂ ಅಲ್ಲದೆ ಕಾಡುಹಂದಿಯ ಕೋರೆ ಈ ತೆಳು ಹೊಟ್ಟೆಯನ್ನು ಒಂದೇ ಏಟಿಗೆ ಸೀಳುತ್ತದೆ. ಕಾಳಿಗೆ ಕಲ್ಲಾದರೂ ನಿಲ್ಲಿಸಿದರು.

ಉಳಿದವು, ಬೇಗ ಬೇಗ

ವಿಪೆಟ್ ನೋಡಲು ಗ್ರೇಹೌಂಡಿನ ತಮ್ಮ. ಎತ್ತರ ಒಂದೂವರೆ ಅಡಿ ಚಿಲ್ಲರೆ, ತೂಕ 10ರಿಂದ 15 ಕೆ.ಜಿ. ಉತ್ತರ ಇಂಗ್ಲೆಂಡಿನ ಗಣಿ ಕಾರ್ಮಿಕರು ಸಾಕಿದ ನಾಯಿ ಇದು. ಆಚೆ ತುದಿಯಲ್ಲಿ ಯಜಮಾನ ಬಟ್ಟೆಯ ತುಂಡು ಬೀಸಿದರೆ ಅದರತ್ತ ಓಡುವುದೇ ಅವರ ರೇಸು. ಕಾರವಾರ, ಭಟ್ಕಳದಲ್ಲಿ ಫ್ಲ್ಯಾಟಿನಲ್ಲಿ ಇರುವವರಿಗೆ ನಿಜವಾಗಿ ಹೊಂದುವುದು ಇದೊಂದೇ. ಆದರೆ ಅಸಲಿ ಮರಿ ಸಿಗುವುದು ಅಪರೂಪ, ತಿಂಗಳುಗಟ್ಟಲೆ ಕಾಯಬೇಕು. ತಮಿಳುನಾಡಿನ ಚಿಪ್ಪಿಪಾರೈ ಮತ್ತು ಕನ್ನಿ ಬಿಸಿಲು ತಡೆಯುವುದರಲ್ಲಿ ಮುಧೋಳದ ಸರಿಸಮ, ಆದರೆ ಅವೂ ಒಣ ಸೀಮೆಯವೇ. ರಾಂಪುರ ಹೌಂಡ್ ನೋಡಿದವರೇ ಕಡಿಮೆ. ಅಫ್ಘಾನ್ ಹೌಂಡ್ ಬಗ್ಗೆ ಕೇಳಲೇಬೇಡಿ. ಆ ಕೂದಲು ಜುಲೈ ತಿಂಗಳಲ್ಲಿ ಒಣಗುವ ಹೊತ್ತಿಗೆ ದೀಪಾವಳಿ ಬಂದಿರುತ್ತದೆ.

ಊರ ನಾಯಿ? ಮಳೆ, ಉಣುಗು, ಸಾರಿನ ಅನ್ನ, ಎಲ್ಲಕ್ಕೂ ಒಗ್ಗಿದ್ದು. ಕಾವಲಿಗೆ ನಾಯಿ ಬೇಕಾದವರು ಇಲ್ಲಿಗೇ ಓದು ನಿಲ್ಲಿಸಿ ಒಂದು ಊರ ಮರಿ ತಂದುಕೊಳ್ಳಿ. ಮುಧೋಳ ಬೊಗಳುವುದೂ ಕಡಿಮೆ.

ಯಾವ ಮನೆಗೆ ಯಾವುದು

ಘಟ್ಟದ ಕೆಳಗೆ, ಸಮುದ್ರದ ಹತ್ತಿರ, ಬೇಲಿ ಇರುವ ಮನೆ: ಮುಧೋಳ ಆಗುತ್ತದೆ. ಬೆಳಿಗ್ಗೆ ಬೀಚಿನಲ್ಲಿ ಉದ್ದ ಹಗ್ಗ ಹಿಡಿದೇ ಓಡಿಸಿ. ಡಿಸೆಂಬರ್‌ನಿಂದ ಮಾರ್ಚ್‌ವರೆಗಂತೂ ಹಗ್ಗ ಬಿಚ್ಚಲೇಬೇಡಿ. ನಮ್ಮ ದಂಡೆಗೆ ಕಡಲಾಮೆ ಮೊಟ್ಟೆ ಇಡಲು ಬರುತ್ತವೆ, ನಾಯಿಗೆ ಮರಳು ಅಗೆಯುವುದು ಕಲಿಸಬೇಕಾಗಿಲ್ಲ. ಓಡಿದ ಕೂಡಲೇ ಊಟ ಹಾಕಬೇಡಿ. ಇವುಗಳ ಎದೆಗೂಡು ಆಳ, ಹೊಟ್ಟೆ ಉಬ್ಬಿ ತಿರುಚಿಕೊಂಡರೆ ಗಂಟೆಗಳಲ್ಲಿ ಜೀವ ಹೋಗುತ್ತದೆ.

ಘಟ್ಟದ ಮೇಲೆ, ಶಿರಸಿ, ಸಿದ್ದಾಪುರ, ಯಲ್ಲಾಪುರ: ಮನೆ ಸುತ್ತ ಹುಲ್ಲಿನ ಬೇಣ ಇದೆ, ಓಡಲು ಜಾಗ ಇದೆ ಎಂದು ಖುಷಿಯಾಗುತ್ತದೆ. ಅದೇ ಬೇಣಕ್ಕೆ ಚಿರತೆಯೂ ಬರುತ್ತದೆ. ಜಗಲಿಯಲ್ಲಿ ಕಟ್ಟಿದ ನಾಯಿಯನ್ನು ಎತ್ತಿಕೊಂಡು ಹೋದ ಕತೆ ಪ್ರತಿ ಊರಿಗೂ ಒಂದಿದೆ. ರಾತ್ರಿ ಒಳಗೆ ಮಲಗಿಸಲು ಮನೆಯ ಹಿರಿಯರು ಒಪ್ಪುತ್ತಾರಾ ಎಂದು ಮೊದಲು ಕೇಳಿ. ಒಪ್ಪದಿದ್ದರೆ ಮುಧೋಳವೂ ಬೇಡ. ಮಳೆಗೆ ಮೊದಲು ಇಲಿ ಜ್ವರದ ಲಸಿಕೆ, ಮಳೆ ಬಿಟ್ಟ ಮೇಲೆ ಬೆರಳಿನ ಸಂದಿ, ಕಿವಿಯ ಒಳಗೆ ದಿನಾ ಉಣುಗು ನೋಡುವುದು, ಇವು ತಪ್ಪಬಾರದು.

ಮರಿ ಎಲ್ಲಿಂದಲೇ ತನ್ನಿ, ಎರಡು ತಿಂಗಳು ತುಂಬದ್ದನ್ನು ಮಾರುವಂತಿಲ್ಲ ಎಂದು 2017ರ ನಿಯಮ ಹೇಳುತ್ತದೆ. ತಾಯಿಯನ್ನು ತೋರಿಸಿ ಅನ್ನಿ. ನೆಪ ಹೇಳಿದರೆ ಎದ್ದು ಬನ್ನಿ.

ಭಾವನಿಗೆ ಇಷ್ಟನ್ನೂ ಫೋನಿನಲ್ಲಿ ಹೇಳಿದೆ. ಫೋಟೋದಲ್ಲಿದ್ದ ಮರಿಯ ಕಿವಿ ಇಳಿಬಿದ್ದಿತ್ತು. ಗ್ರೇಹೌಂಡ್ ಅಲ್ಲ ಮಾರಾಯ, ಮುಧೋಳ, ಅದೂ ಅಸಲಿಯೋ ಮಿಶ್ರವೋ ಎಂದೆ. ಅವನು ಎಲ್ಲ ಕೇಳಿಸಿಕೊಂಡು, ತಾಯಿ ನಾಯಿಯನ್ನು ನೋಡಿ, ರೇಟು ಅರ್ಧಕ್ಕೆ ಇಳಿಸಿ, ಅದನ್ನೇ ತಂದ. ಅತ್ತೆ ಮೊದಲು ನಾಯಿ ಒಳಗೆ ಬರಕೂಡದು ಅಂದರು. ಜೂನ್ ಎರಡನೇ ವಾರ ಮಳೆ ಹಿಡಿಯಿತು, ಮರಿ ನಡುಗುವುದನ್ನು ನೋಡಲಾಗದೆ ಬಚ್ಚಲುಮನೆ ತನಕ ಬರಬಹುದು ಎಂದರು. ಆಗಸ್ಟಿನಲ್ಲಿ ನಾನು ಹೋದಾಗ ಅದು ಹಂಡೆ ಒಲೆಯ ಬುಡದಲ್ಲಿ, ಬೆಚ್ಚಗಿನ ಬೂದಿಯ ಮೇಲೆ ನಾಲ್ಕೂ ಕಾಲು ಚಾಚಿ ಮಲಗಿತ್ತು. ಕರೆದರೆ ಬಾಲದ ತುದಿ ಮಾತ್ರ ಅಲ್ಲಾಡಿತು. ಮೂತಿಯಿಂದ ಬಾಲದವರೆಗೆ ಬಿಳಿ ಮೈಯೆಲ್ಲ ಬೂದು ಬಣ್ಣ.

"ನೋಡು," ಅಂದ ಭಾವ, "ಮಾರವ ಸುಳ್ಳು ಹೇಳಿದ್ನಿಲ್ಲೆ. ಗ್ರೇಹೌಂಡೇ."